ನೀರು ಅನ್ನುವಂತಿಲ್ಲ

ಮನೆ ಹಿಂದಿನ ಹೊಸ ಬಾವಿಯಿಂದ ಬಾಲಮ್ಮ ಕೊಡ ಎಳೆಯುತ್ತಿದ್ದಾಗ ಬದಿಯ ಮಣ್ಣು ಮತ್ತೆ ಕುಸಿದು ಧೊಪ್ಪನೆ ಒಳಗೆ ಬಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಕಲ್ಲು ಕಟ್ಟಿಸದಿದ್ದರೆ ಒಂದು ದೊಡ್ಡ ಮಳೆಗೆ ಬಾವಿಯೇ ಮುಚ್ಚಿಹೋಗುತ್ತದೆ.

ಕಲ್ಲಿಗೆ ಸರ್ಕಾರದ ತಗಾವಿ ಸಾಲದ ಹಣ ಬರಬೇಕಾದರೆ ನೀರು ಬಿದ್ದಿದೆ ಎಂಬ ಅರ್ಜಿ ಮಕ್ತಲದ ಕಚೇರಿಗೆ ಮುಟ್ಟಬೇಕು. ಬರೆಸಿದ ಅರ್ಜಿ ಯುಗಾದಿಯಿಂದ ಜಂತಿಯಲ್ಲೇ ಇತ್ತು. ಹೊಸ ನೀರು ಮೊದಲು ಮನೆದೇವರು ಬೀರಪ್ಪನಿಗೆ ಸಲ್ಲಬೇಕೆಂದು ಮಾವ ಮಾರೆಪ್ಪ ತಡೆದಿದ್ದ. ಬೀರಪ್ಪನನ್ನು ಇಟ್ಟ ದೇವರ ಪೆಟ್ಟಿಗೆಯೋ ಕುರಿಮಂದೆಯ ಸಂಗಡ ಕೃಷ್ಣೆಯಾಚೆ ಹೋಗಿತ್ತು. ಪೆಟ್ಟಿಗೆ ಬಂದು ದೇವರಿಗೆ ಸಲ್ಲುವತನಕ ಬಾವಿಯಲ್ಲಿದ್ದುದನ್ನು ಯಾರೂ ನೀರು ಅನ್ನುವಂತಿರಲಿಲ್ಲ. ಅದರಲ್ಲೇ ಮಿಂದು, ಅಂಬಲಿ ಕಾಸಿ, ಮನೆಯವರೆಲ್ಲ ಅದನ್ನು ಒಸರು ಅನ್ನುತ್ತಿದ್ದರು.

"ಮಾವಾ, ಬಾವಿ ಕುಸಿಯಾಕತ್ತೈತ್ರಿ."

"ಒಸರಿಗ್ಯಾತರ ಕಲ್ಲುಕಟ್ಟಡ ಯವ್ವಾ?" ಎಂದ ಮುದುಕ. ಆದರೆ ಅವನ ಕಣ್ಣೂ ಮೋಡದ ಮೇಲೇ ಇತ್ತು.

ಬೀರಪ್ಪನ ಹೆಸರಿಗೆ ಬಿಟ್ಟ ಟಗರು ಕುಂಟುಗಾಲಿನದೆಂದು ಮನೆಯಲ್ಲೇ ಉಳಿದಿತ್ತು. ಅದು ದೇವರಿಗೆ ಸಮವೆಂದು ಅದಕ್ಕೆ ಮಾತ್ರ ಹಳ್ಳದ ನೀರು ತಂದು ಕುಡಿಸುತ್ತಿದ್ದರು. ಬಾಲಮ್ಮ ಅದರ ಹಣೆಗೆ ದೇವರ ಅರಿಶಿನ ಭಂಡಾರ ಹಚ್ಚಿ, ಕೊಡವನ್ನು ಮಣ್ಣಿನ ಬಾನಿಗೆ ಸುರಿದು ಮುಂದಿಟ್ಟಳು. ಟಗರು ಮೂಸಿತು, ತಲೆ ಎತ್ತಿತು, ಆಮೇಲೆ ಬಾಯಿಟ್ಟು ಕುಡಿಯತೊಡಗಿತು.

"ಈಗ ಕುಡಿಯಾಕತ್ತಾರಲ್ಲ, ಯಾರ್ರಿ ಮಾವಾ ಅವರು?"

ಮಾರೆಪ್ಪ ಎದ್ದು ನಿಂತು ಟಗರಿಗೆ ಕೈಮುಗಿದ. ಒಳಗೆ ಹೋಗಿ ಅರ್ಜಿ ಎಳೆದು ತಂದು, ಮಕ್ತಲಕ್ಕೆ ಗಾಡಿ ಹೂಡಿದ್ದ ನೆರೆಮನೆಯ ಎಂಕಪ್ಪನ ಕೈಗಿಟ್ಟ.

"ಜಲ್ದಿ ಹೊಡೀಪಾ. ನಮ್ಮ ಬಾವ್ಯಾಗ ನೀರು ಬಿದ್ದೈತಿ."