ಕತ್ತಿಗೆ ಕೆಚ್ಚಲ ಮದ್ದು

ಅರ್ಧ ಬಕೆಟ್ ಹಾಲು ಕರೆದಿದ್ದಳು ಅಮ್ಮಾಜಮ್ಮ. ಅವಳ ಕತ್ತಿನಿಂದ ಹಳದಿ ಲೋಳೆಯೊಂದು ಜಾರಿ ಟಪ್ಪನೆ ಹಾಲಿಗೆ ಬಿತ್ತು.

“ಏನತ್ಗೆ ಇದು?” ತೀರಿಹೋದ ಗಂಡನ ತಂಗಿ ಸುಮಲತ ಬಗ್ಗಿ ಮೂಸಿದಳು. “ಲೋಳೆಸರ, ಅರಿಶಿನ, ಸುಣ್ಣ... ಇದು ಅಸೂಗೆ ಕೆಚ್ಚಲು ಬಾವು ಬಂದ್ರೆ ಬಳಿಯೋದಲ್ವಾ!”

“ಬಾವು ಬಾವೇ ಕಣೆ. ಈ ಗೌರಿ ಕೆಚ್ಚಲು ನಾಕೇ ದಿನಕ್ಕೆ ವಾಸಿಯಾಗ್ಲಿಲ್ವಾ?”

“ಗೌರಿ ನಿನ್ನಂಗೆ ಮುಚ್ಚಿಟ್ಕೊಳ್ಳಲ್ಲ, ನೋವಾದ್ರೆ ಒದ್ದು ತೋರಿಸ್ತಾಳೆ.”

ಸೆರಗು ಸರಿಸಿದರೆ ಕತ್ತು ನಿಂಬೆಹಣ್ಣಿನಷ್ಟು ಊದಿತ್ತು. ಕ್ಯಾನ್ಸರ್ ಎಂದು ಥೈರಾಯಿಡ್ ಗ್ರಂಥಿಯನ್ನು ಕೊಯ್ದು ತೆಗೆದ ಜಾಗವೇ ಅದು. ಹತ್ತು ದಿನದ ಹಿಂದೆ ಆಸ್ಪತ್ರೆಯಲ್ಲಿ ವಿಕಿರಣ ಸೂಸುವ ಅಯೋಡಿನ್ ಮದ್ದು ಕುಡಿಸಿ ಕಳಿಸಿದ್ದರು.

ಅಮ್ಮಾಜಮ್ಮ ಹಸುವಿನ ಹೊಟ್ಟೆಗೆ ಹಣೆ ಆನಿಸಿದಳು. “ತಿರುಗಾ ಬಂದೈತೆ ಸುಮಾ. ಕದಿರಪ್ಪಂಗೆ ಆಗಲ್ಲ ಅಂತ ಏಳ್ಬಿಡು.”

ಕದಿರಪ್ಪ ಡೇರಿಯ ಹಾಲಿನ ವ್ಯಾನ್ ಓಡಿಸುವವನು, ಹೆಂಡತಿಯನ್ನು ಕಳೆದುಕೊಂಡವನು. ದಿನಾ ನೋಡಿದರೂ ಎದುರಿಗೆ ಕೇಳಲು ನಾಚಿ, ‘ಮದುವೆಯಾಗೋಣವೇ’ ಎಂದು ಅಂಚೆಯಲ್ಲಿ ಬರೆದು ಎಂಟು ತಿಂಗಳಾಗಿತ್ತು. ಅವಳೂ ‘ಆಗಲಿ’ ಎಂದು ಉತ್ತರ ಬರೆದಿದ್ದಳು. ಅದನ್ನು ಅಂಚೆಗೆ ಹಾಕುವಷ್ಟರಲ್ಲಿ ಕತ್ತಿನಲ್ಲಿ ಗಂಟು ಸಿಕ್ಕಿತು. ಸಾಯುವವಳ ಆರೈಕೆ ಅವನಿಗೆ ಎರಡನೇ ಸಲ ಬೇಡ ಎಂದು ಪತ್ರವನ್ನು ಹಾಗೇ ಇಟ್ಟುಕೊಂಡಿದ್ದಳು.

“ತಿರುಗಾ ಬಂದೈತೋ ಇಲ್ವೋ ಏಳ್ಬೇಕಾದೋರು ಡಾಕ್ಟ್ರು, ನೀನಲ್ಲ” ಎಂದ ಸುಮಲತ, ಬಂಗಾರಪೇಟೆಯಲ್ಲಿ ಅವಳನ್ನು ಬೆಂಗಳೂರಿನ ರೈಲು ಹತ್ತಿಸಿದಳು.

ಡಾಕ್ಟರಮ್ಮ ಸ್ಕ್ಯಾನ್ ನೋಡಿದರು. ಸುಣ್ಣಕ್ಕೆ ಕೆಂಪಾಗಿದ್ದ ಚರ್ಮ ನೋಡಿ ನಕ್ಕೇಬಿಟ್ಟರು.

“ಕ್ಯಾನ್ಸರ್ ಬಂದಿಲ್ಲಮ್ಮ. ಆಪರೇಷನ್ ಆದ್ಮೇಲೂ ಗ್ರಂಥಿಯ ಒಂದು ಚೂರು ಉಳಿದಿತ್ತು. ಅದನ್ನ ಸುಡೋದಕ್ಕೇ ಅಯೋಡಿನ್ ಕೊಟ್ಟಿದ್ದು. ಸುಡ್ತಾ ಇದೆ, ಊದಿಕೊಂಡಿದೆ. ಮಾತ್ರೆ ತಗೊಳ್ಳಿ, ಒಂದು ವಾರದಲ್ಲಿ ಇಳಿಯುತ್ತೆ.”

“ಅಂಗಾದ್ರೆ ಊದಿದ್ದು ಒಳ್ಳೇದಕ್ಕಾ?”

“ಒಳ್ಳೇದಕ್ಕೇ. ಸುಣ್ಣ ಮಾತ್ರ ಹಸೂಗೇ ಇರಲಿ.”

ಮರುದಿನ ಕ್ಯಾಸಂಬಳ್ಳಿಯ ಅಂಚೆ ಡಬ್ಬಿಯ ಮುಂದೆ ಸುಮಲತ ತಾನೇ ನಾಲಿಗೆಗೆ ಒತ್ತಿ ಆ ಹಳೇ ಪತ್ರಕ್ಕೆ ಸ್ಟಾಂಪು ಅಂಟಿಸಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

“ಅಲ್ಲತ್ಗೆ, ನಾಳೆ ಬೆಳಿಗ್ಗೆ ಆರಕ್ಕೆ ಆ ಮನುಷ್ಯ ವ್ಯಾನ್ ತಂದು ನಿನ್ನೆದುರಿಗೇ ನಿಲ್ಲಿಸ್ತಾನೆ. ಕೈಗೇ ಕೊಡಬಾರ್ದಾ? ಇದು ಊರೆಲ್ಲಾ ಸುತ್ತಿ ಅವನಿಗೆ ಸೇರೋಕೆ ವಾರ ಆಗ್ತದೆ!”

ಅಮ್ಮಾಜಮ್ಮ ಪತ್ರವನ್ನು ಡಬ್ಬಿಯೊಳಕ್ಕೆ ತಳ್ಳಿ, ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡಳು.

“ಆಗ್ಲಿ ಬಿಡೆ. ಅಷ್ಟೊತ್ತಿಗೆ ಊತ ಇಳಿದಿರ್ತದೆ.”