ಹೊಸ ಬಾವಿಯ ಮೊದಲ ನೀರು

ಗಂಜಲದ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಸೆರಗು ಮುಚ್ಚಿಕೊಂಡು ದೂರ ಸರಿಯುತ್ತೇನೆ.

ನಾನಾಗ ಚಿಕ್ಕ ಹುಡುಗಿ. ನಮ್ಮೂರು ಕರಜಗಿಯ ಸವಳು ನೀರಲ್ಲಿ ಬೇಳೆ ಬೇಯುವುದಿಲ್ಲವೆಂದು ಅಪ್ಪನ ಅಪ್ಪ, ನಮ್ಮ ಮುತ್ತ್ಯಾ, ಹಿತ್ತಿಲಲ್ಲಿ ಬಾವಿ ತೋಡಿಸುತ್ತಿದ್ದ. ಊರ ಹೊರಗಿನ ಕೇರಿಯ ಯಲ್ಲಪ್ಪ ಇಡೀ ಬೇಸಿಗೆ ಒಳಗಿಳಿದು ಕಲ್ಲು ಒಡೆದ. ಅವನ ಹೆಂಡತಿ ಬುಟ್ಟಿಯಲ್ಲಿ ಮಣ್ಣು ಹೊತ್ತಳು.

ಒಂದು ಮಧ್ಯಾಹ್ನ ತಳದ ಬಂಡೆ ಬಿರಿದು ಸೆಲೆ ಒಡೆಯಿತು. ಯಲ್ಲಪ್ಪ ಬೊಗಸೆಯಲ್ಲಿ ಹಿಡಿದು ಕುಡಿದು, "ಸೀ ನೀರು ಬಂದಾವ್ರೀ ಮಾಲಕ್ರ!" ಎಂದು ಕೂಗಿದ. ನಾನು ದಂಡೆಯ ಮೇಲೆ ಕುಣಿದೆ.

ಮುತ್ತ್ಯಾ ಮಾತ್ರ ಹುಬ್ಬು ಗಂಟಿಕ್ಕಿದ. "ನಮಗಿಂತ ಮದ್ಲ ನೀ ಬಾಯಿ ಹಚ್ಚಿದೇನಲೇ?"

"ಸೀ ಅದಾವೋ ಸವಳ ಅದಾವೋ ನೋಡಬೇಕಾಗಿತ್ರೀ."

"ಮ್ಯಾಲ ಬಾ."

ಯಲ್ಲಪ್ಪ ಮೇಲೆ ಬಂದು, ಮೈಯೆಲ್ಲ ಕೆಸರಾಗಿ, ದೂರ ನಿಂತ. ಮುತ್ತ್ಯಾ ಕೊಟ್ಟಿಗೆಯಿಂದ ಒಂದು ಕೊಡ ಗಂಜಲ ತರಿಸಿದ. ಅದರ ನೊರೆಯ ಮೇಲೆ ಹೊಟ್ಟು ತೇಲುತ್ತಿತ್ತು, ಸತ್ತ ನೊಣ ತೇಲುತ್ತಿತ್ತು. ಅಷ್ಟನ್ನೂ ಯಲ್ಲಪ್ಪನ ಕಣ್ಣೆದುರೇ ಬಾವಿಗೆ ಸುರಿಸಿದ. ಆಮೇಲೆ ನೀರು ಸೇದಿಸಿ, ಮೊದಲ ತಂಬಿಗೆಯನ್ನು ನನ್ನ ಬಾಯಿಗೇ ಹಿಡಿದ.

"ಮನೀ ಲಕ್ಷ್ಮಿ ನೀ. ಕುಡಿ ಮಗಾ, ಈಗ ಶುದ್ಧ ಆದವು."

ಬೆಚ್ಚಗಿನ ಒಗರು ಗಂಟಲಿಗಿಳಿಯಿತು. ನಾಲಿಗೆಗೆ ಹೊಟ್ಟು ಅಂಟಿತು. ನಾನು ಅವನ ಧೋತರದ ಮೇಲೆಯೇ ಕಾರಿಕೊಂಡೆ.

"ಹೊಸಾ ನೀರು, ಕೂಸಿಗೆ ಒಗ್ಗವಲ್ವು," ಎಂದು ಅಪ್ಪನ ಅವ್ವ, ನಮ್ಮ ಆಯಿ, ಸೆರಗಿನಿಂದ ನನ್ನ ಬಾಯಿ ಒರೆಸಿದಳು.

ಉಳಿದದ್ದನ್ನು ಮುತ್ತ್ಯಾ ಗಟಗಟ ಕುಡಿದು ಮೀಸೆ ಒರೆಸಿಕೊಂಡ. "ಸಕ್ರಿ ಹಂಗ ಅದಾವ ನೋಡ್ರಿ."

ಯಲ್ಲಪ್ಪನ ಹೆಂಡತಿ ತನ್ನ ಖಾಲಿ ಕೊಡ ಎತ್ತಿಕೊಂಡು, ಕುಡಿಯುವ ನೀರಿಗಾಗಿ ಹಳ್ಳದ ಒರತೆಯ ಕಡೆ ನಡೆದಳು.