ಹೆಸರಿನ ಮುಂದಿನ ಹೆಸರು

ಹೆಂಡತಿಯ ಪೂರ್ತಿ ಹೆಸರು ಹೇಳಿ ಎಂದು ವೀಸಾ ಅಧಿಕಾರಿ ಕೇಳಿದರು. ಲಿಫ್ಟ್ ಮೆಕ್ಯಾನಿಕ್ ಅವಳ ಹೆಸರು ಹೇಳಿ, ಅದರ ಮುಂದೆ ತನ್ನ ಹೆಸರು ಸೇರಿಸಿದ. ಅಧಿಕಾರಿ ಪಾಸ್‌ಪೋರ್ಟ್ ನೋಡಿದರು, ಅವನ ಮುಖ ನೋಡಿದರು. ಆ ಹೆಸರಿನ ಹೆಂಗಸು ಯಾರೂ ಅರ್ಜಿ ಹಾಕಿಲ್ಲ ಎಂದರು.

ಪಾಸ್‌ಪೋರ್ಟಿನಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು ಮೊದಲನೆಯ ಗಂಡನ ಹೆಸರು. ಇಬ್ಬರೂ ಎಲ್ಲಿಗಾದರೂ ಹೋಗಿಬರೋಣ ಎಂದು ಆತ ತಾನೇ ಓಡಾಡಿ ಮಾಡಿಸಿದ್ದ ಪಾಸ್‌ಪೋರ್ಟ್ ಅದು. ಎಲ್ಲಿಗೂ ಹೋಗುವ ಮೊದಲೇ ಆತನಿಗೆ ಹೃದಯ ಕೈಕೊಟ್ಟಿತು. ಕೆಲವು ವರ್ಷಗಳ ಮೇಲೆ ಅವಳು ಲಿಫ್ಟ್ ಮೆಕ್ಯಾನಿಕ್‌ನನ್ನು ಮದುವೆಯಾದಳು. ಇವನ ಕೆಲಸ ಸಮುದ್ರದಾಚೆ. ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಬೇಕಿತ್ತು. ಹೊಸ ಗಂಡನ ಹೆಸರು ಹಾಕಿಸಲು ಹೋದರೆ ವರ್ಷ ಹಿಡಿಯುತ್ತದೆ ಎಂದು ಏಜೆಂಟ್ ಹೇಳಿದ. ತವರಿನ ಹೆಸರಿಗೇ ವಾಪಸ್ ಹೋಗೋಣವೆಂದರೆ ಶಾಲೆಯ ಸರ್ಟಿಫಿಕೇಟಿನಲ್ಲಿ ಅವಳ ಅಪ್ಪನ ಹೆಸರನ್ನು ತಪ್ಪಾಗಿ ಬರೆದಿದ್ದರು. ಇರುವ ಹೆಸರಿನಲ್ಲೇ ಹೋಗಲಿ, ಮಿಕ್ಕಿದ್ದು ಅಲ್ಲಿ ನೋಡಿಕೊಳ್ಳಿ ಎಂದು ಏಜೆಂಟನೇ ತೀರ್ಮಾನ ಕೊಟ್ಟ. ಸತ್ತವನ ಹೆಸರು ಹೊತ್ತುಕೊಂಡು ನಮ್ಮ ಮನೆಗೆ ಬರುತ್ತಾಳಾ ಎಂದು ಮೆಕ್ಯಾನಿಕ್‌ನ ತಾಯಿ ಮಗನನ್ನು ತರಾಟೆಗೆ ತೆಗೆದುಕೊಂಡರು.

"ಮನೆಗಲ್ಲಮ್ಮ, ವಿಮಾನಕ್ಕೆ," ಎಂದಿದ್ದ ಅವನು.

ಅಷ್ಟೆಲ್ಲ ಗೊತ್ತಿದ್ದೂ ಅಧಿಕಾರಿಯ ಮುಂದೆ ಆ ಹೆಸರಿಗೆ ಅವನ ನಾಲಿಗೆ ಹೊರಳಲಿಲ್ಲ. ಮನೆಯಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ. ಅವನಿಗೆ ಅವಳು 'ಇವಳೇ', ಅವಳಿಗೆ ಅವನು 'ರೀ'. ಸಂಸಾರಕ್ಕೆ ಅಷ್ಟು ಸಾಕಾಗಿತ್ತು. ಹೆಂಡತಿಯ ಹೆಸರೇ ಗೊತ್ತಿಲ್ಲದ ಮದುವೆ ಎಂಥದ್ದು ಎಂದು ಕೇಳಿದ ಅಧಿಕಾರಿ, ಅವನನ್ನು ಹೊರಗೆ ಕೂರಿಸಿ ಅವಳನ್ನು ಒಳಗೆ ಕರೆದರು.

"ನಿಮ್ಮ ಹೆಸರಿನ ಮುಂದಿರೋರು ಯಾರು?"

"ನಮ್ಮ ಯಜಮಾನರು."

"ಹಾಗಾದ್ರೆ ಹೊರಗೆ ಕೂತಿರೋರು?"

"ಅವರೂ ನಮ್ಮ ಯಜಮಾನರೇ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವಳು ಚೀಲದಿಂದ ಒಬ್ಬರ ಮರಣ ಪ್ರಮಾಣಪತ್ರ, ಅದರ ಮೇಲೆ ಇನ್ನೊಬ್ಬರ ಜತೆಗಿನ ಮದುವೆಯ ನೋಂದಣಿ ಪತ್ರ ತೆಗೆದು ಮೇಜಿನ ಮೇಲಿಟ್ಟಳು. ಕಚೇರಿಗಳಲ್ಲಿ ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂಬುದು ಅವಳಿಗೆ ವಿಧವೆಯಾಗಿದ್ದಾಗಲೇ ರೂಢಿಯಾಗಿತ್ತು. ಎರಡನ್ನೂ ಓದಿದ ಅಧಿಕಾರಿ ಮೆಕ್ಯಾನಿಕ್‌ನನ್ನು ಮತ್ತೆ ಕರೆಸಿದರು. ಈ ಸಲ ಅವನು ಅವಳ ಹೆಸರು ಹೇಳಿ, ಒಂದು ಉಸಿರು ತೆಗೆದುಕೊಂಡು, ಸತ್ತವನ ಹೆಸರನ್ನೂ ಹೇಳಿದ. ಹೇಳಿದ ಮೇಲೆ ಅದಕ್ಕೊಂದು 'ಅವರು' ಸೇರಿಸಿದ. ಅವರ ಪರಿಚಯ ಇತ್ತೇ ಎಂದು ಕೇಳಿದ್ದಕ್ಕೆ, ಮುಖ ನೋಡಿಲ್ಲ, ಆದರೆ ಮನೆಯಲ್ಲಿ ಅವರ ಮಾತು ಬರುತ್ತಿರುತ್ತದೆ ಎಂದ. ವೀಸಾ ಸಿಕ್ಕಿತು.

ಆಚೆ ದೇಶದಲ್ಲಿ ಅವನು ಬಾಡಿಗೆಗೆ ಹಿಡಿದದ್ದು ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿ. ಕೆಳಗೆ ಗೋಡೆಗೆ ಸಾಲಾಗಿ ಅಂಚೆ ಡಬ್ಬಿಗಳು. ಡಬ್ಬಿಯ ಮೇಲೆ ಹೆಸರಿಲ್ಲದವರಿಗೆ ಟಪಾಲು ಇಲ್ಲ. ಇವರ ಡಬ್ಬಿಯ ಮೇಲೆ ಅವನ ಹೆಸರೊಂದೇ ಇತ್ತು. ಅವಳಿಗೆ ಆ ದೇಶದಲ್ಲಿ ವಾಸಿಸಲು ಅನುಮತಿ ಕೊಡುವ ಕಾರ್ಡು ಬಂದು, ಆ ಹೆಸರಿನವರು ಇಲ್ಲಿ ಇಲ್ಲವೆಂದು ವಾಪಸ್ ಹೋಯಿತು. ಡಬ್ಬಿಗೆ ಅವಳ ಹೆಸರು ಹಾಕಿಸಿ, ಮತ್ತೆ ಕಳಿಸುತ್ತೇವೆ ಎಂದರು ಕಚೇರಿಯವರು. ಹೆಸರು ಬದಲಾಯಿಸುವ ಅರ್ಜಿಯೂ ಅದೇ ಕಿಟಕಿಯಲ್ಲಿ ಸಿಗುತ್ತಿತ್ತು. ಅವನು ಒಂದನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದ. ಊಟವಾದ ಮೇಲೆ ಅದನ್ನು ಅವಳ ಮುಂದಿಟ್ಟು, ನಿನಗೇನನ್ನಿಸುತ್ತದೆ ಎಂದು ಕೇಳಿದ. ಈ ವಿಷಯದಲ್ಲಿ ಅವಳನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಅವಳು ತಟ್ಟೆಗಳನ್ನು ಒಂದರ ಮೇಲೊಂದಿಟ್ಟಳು.

"ಇರಲಿ ಬಿಡಿ. ನಿಮಗೆ ಈ ಮನೆಯೆಲ್ಲ ಇದೆ. ಅವರಿಗೆ ಇರೋದು ಅಷ್ಟೇ ಜಾಗ."

ಮಾತು ಅವನಿಗೆ ನಾಟಿತು. ಒಂದೆರಡು ದಿನ ಅವಳ ಜತೆ ಬೇಕಾದಷ್ಟೇ ಮಾತಾಡಿದ. ಸಾರಿಗೆ ಉಪ್ಪು ಕಡಿಮೆಯಾದದ್ದನ್ನೂ ಹೇಳಲಿಲ್ಲ. ಆಮೇಲೆ ಒಂದು ಸಂಜೆ, ಹಿತ್ತಾಳೆ ಪಟ್ಟಿಯ ಮೇಲೆ ಅವಳ ಪೂರ್ತಿ ಹೆಸರು ಕೊರೆಸಿಕೊಂಡು ಬಂದು ಡಬ್ಬಿಯ ಮುಂದೆ ನಿಂತ. ಹೆಸರು ಉದ್ದ, ಜಾಗ ಸಾಲದು. ತನ್ನ ಪಟ್ಟಿಯ ಸ್ಕ್ರೂ ಬಿಚ್ಚಿ, ಅದನ್ನು ಅಂಚಿಗೆ ಸರಿಸಿ, ಎರಡನ್ನೂ ಬಿಗಿ ಮಾಡಿದ.

ಆಮೇಲಿನ ವಾರ ಬೆಳಿಗ್ಗೆ ಅಂಚೆಯವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಕಾರ್ಡು ಬಂದಿತ್ತು, ಮನೆಯವರ್ಯಾರಾದರೂ ಸಹಿ ಹಾಕಬೇಕಿತ್ತು. ಅವಳು ಸ್ನಾನಕ್ಕೆ ಹೋಗಿದ್ದಳು. ಅಂಚೆಯವನು ಲಕೋಟೆಯ ಮೇಲಿನ ಹೆಸರಿನಲ್ಲಿ ಗಂಡಸಿನ ಹೆಸರಿನ ಭಾಗವನ್ನಷ್ಟೇ ಓದಿ, ಅದು ನೀವೇ ಅಲ್ಲವೇ ಎಂದು ಮೆಕ್ಯಾನಿಕ್‌ನನ್ನು ಕೇಳಿದ.

"ಅಲ್ಲ, ಅವರಿಲ್ಲ. ಕೊಡಿ, ನಾನೇ ಸಹಿ ಹಾಕ್ತೀನಿ."

ಅಂಚೆಯವನು ಸಹಿಯ ಪುಸ್ತಕ ತೆರೆದು, ಪೆನ್ನನ್ನು ತನ್ನ ಕೈಯಲ್ಲೇ ಇಟ್ಟುಕೊಂಡ.

"ಅವರಿಗೆ ನೀವು ಏನಾಗಬೇಕು?"

ಮೆಕ್ಯಾನಿಕ್ ಬಾಗಿಲ ಚೌಕಟ್ಟಿಗೆ ಒರಗಿದ. ಒಳಗೆ ಬಚ್ಚಲಿನ ನೀರಿನ ಸದ್ದು ನಿಂತಿತು.

"ಒಂದೇ ಮನೆಯವರು ಅಂತ ಬರ್ಕೊಳ್ಳಿ," ಎಂದ.